ಕವಾಟ ಕಿರಿದಾದವರು ಬಿಟ್ಟುಕೊಡುವ ಕೆಲಸಗಳು

ಹೃದಯದ ಕವಾಟ ಕಿರಿದಾದವರು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಎದೆ ಹಿಡಿದುಕೊಂಡು ಬರುವುದಿಲ್ಲ. ಗ್ಯಾಸು ಎಂದು ಬರುತ್ತಾರೆ, ರಕ್ತ ಕಮ್ಮಿ ಎಂದು ಬರುತ್ತಾರೆ, ಕಣ್ಣಿನ ಪೊರೆ ತೆಗೆಸಲು ಬರುತ್ತಾರೆ. ಮಗಳ ಹೆರಿಗೆಗೆ ಜೊತೆಯಾಗಿ ಬಂದವರು ಮೆಟ್ಟಿಲ ನಡುವೆ ನಿಂತು ಗೋಡೆಯ ಮೇಲಿನ ಲಸಿಕೆಯ ಬೋರ್ಡು ಓದುತ್ತಿರುತ್ತಾರೆ. ಓದು ಬಾರದವರೂ ಓದುತ್ತಿರುತ್ತಾರೆ. ಅವರನ್ನು ಗುರುತಿಸುವುದು ಎಳೆಯ ವೈದ್ಯರಾದ ನಿಮ್ಮ ಕೆಲಸ. ಯಂತ್ರ ಆಮೇಲೆ.

ನಾನು ನಾಗಮಂಗಲದಲ್ಲಿ ಕೆಲಸ ಶುರುಮಾಡಿ, ಕೆ.ಆರ್. ಪೇಟೆ, ಪಾಂಡವಪುರ ಮುಗಿಸಿ, ಶ್ರೀರಂಗಪಟ್ಟಣದಲ್ಲಿ ನಿವೃತ್ತಳಾದ ಫಿಜಿಶಿಯನ್. ಯಾವಾಗ ಬಡ್ತಿ ಬಂತು, ಯಾರು ತಡೆದರು ಎಂಬುದೆಲ್ಲ ಇಲ್ಲಿ ಬೇಡ. ಚಿಕ್ಕವಳಿದ್ದಾಗಿನಿಂದ ದಿನಚರಿ ಬರೆಯುವ ಅಭ್ಯಾಸ ನನಗೆ. ಕೆಲಸಕ್ಕೆ ಸೇರಿದ ಮೇಲೆ ಅದರಲ್ಲಿ ಎರಡು ಸಾಲು ಮಾಡಿಕೊಂಡೆ. ಎದೆಯಲ್ಲಿ ಹೆಚ್ಚುವರಿ ಸದ್ದು ಕೇಳಿದಾಗ ನನ್ನ ಅನಿಸಿಕೆಯನ್ನು ಮೊದಲ ಸಾಲಿನಲ್ಲಿ ಬರೆಯುವುದು, ಎಕೋ, ಅಂದರೆ ಹೃದಯದ ಸ್ಕ್ಯಾನು, ಮಾಡಿಸಿ ವರದಿ ಬಂದ ಮೇಲೆ ನಿಜ ಏನಾಗಿತ್ತೆಂದು ಎರಡನೆಯದರಲ್ಲಿ ಬರೆಯುವುದು. ಮೊದಲ ಕೆಲವು ವರ್ಷ ಎರಡೂ ಸಾಲು ಒಂದಕ್ಕೊಂದು ಮುಖ ತಿರುಗಿಸಿಕೊಂಡೇ ಇದ್ದವು. ಪಾಂಡವಪುರಕ್ಕೆ ಬರುವ ಹೊತ್ತಿಗೆ ಹೊಂದಿಕೊಳ್ಳತೊಡಗಿದವು. ಕಿವಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರನ್ನು ನಾನು ಕಾಣಲಿಲ್ಲ. ನೀವೂ ಮಾಡಿ ನೋಡಿ.

ಇಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಭಾಗ್ಯಮ್ಮನವರ ವಿಷಯ. ನಡುವೆ ಒಂದೆರಡು ಹಳೆಯ ಸಂಗತಿ ಬಂದರೆ, ಅವರ ವಿಷಯದಲ್ಲಿ ಅವು ನೆರವಾದದ್ದಕ್ಕೆ ಬಂದವು ಎಂದು ತಿಳಿಯಿರಿ.

ಭಾಗ್ಯಮ್ಮ ಅರಕೆರೆ ಹತ್ತಿರದ ಹಳ್ಳಿಯವರು. ಐವತ್ತಕ್ಕೆ ಇನ್ನೂ ಒಂದೆರಡು ವರ್ಷ ಇತ್ತು. ಗರ್ಭಕೋಶದಲ್ಲಿ ಗಡ್ಡೆ, ತಿಂಗಳ ಮುಟ್ಟು ಹದಿನೈದು ದಿನವಾದರೂ ನಿಲ್ಲುತ್ತಿರಲಿಲ್ಲ. ನಮ್ಮ ಸ್ತ್ರೀರೋಗ ತಜ್ಞ ಡಾಕ್ಟರ್ ಪ್ರಭಾಕರ್ ರಕ್ತ ಹಾಕಿಸಿ, ಹಿಮೋಗ್ಲೋಬಿನ್ ಮೇಲೆ ತಂದು, ಗರ್ಭಕೋಶ ತೆಗೆಯುವ ಆಪರೇಷನ್ನಿಗೆ ಸೋಮವಾರದ ಪಟ್ಟಿಯಲ್ಲಿ ಹೆಸರು ಹಾಕಿದ್ದರು. ಅರಿವಳಿಕೆ ವೈದ್ಯರು ನಮ್ಮಲ್ಲಿಗೆ ಬರುತ್ತಿದ್ದದ್ದು ಸೋಮವಾರ ಮಾತ್ರ. ಗುರುವಾರ ಭಾಗ್ಯಮ್ಮನವರು ಆಪರೇಷನ್ ತಡೆದುಕೊಳ್ಳಬಲ್ಲರು ಎಂಬ ಫಿಟ್‌ನೆಸ್ ಚೀಟಿಗಾಗಿ ನನ್ನ ಕೋಣೆಗೆ ಬಂದರು. ಜೊತೆಗೆ ಗಂಡ ಪುಟ್ಟೇಗೌಡರು.

"ಮೇಲುಸಿರು ಬರುತ್ತಾ?" ಎಂದೆ.

"ಇಲ್ಲ ಕನವ್ವ."

"ಎದೆನೋವು, ತಲೆಸುತ್ತು?"

"ರಕ್ತ ಇಲ್ದಾಗ ಇತ್ತು. ಈಗ ಬಾಟ್ಲು ಆಕವ್ರಲ್ಲ, ಒಂಟೋಯ್ತು."

"ಓಡಾಟಕ್ಕೆ ಏನೂ ತೊಂದರೆ ಇಲ್ವಾ?"

ಭಾಗ್ಯಮ್ಮ ನಕ್ಕರು. "ದಿನಾ ಎರಡೊತ್ತು ಡೇರಿಗೆ ಓಗಿ ಆಲು ಆಕ್ಬುಟ್ಟು ಬತ್ತೀನಿ. ನಮ್ ಮನೆಯಿಂದ ಡೇರಿ ಎಷ್ಟು ದೂರ ಅಂತೀರಾ! ನಾಲೆ ಏರಿ ಅತ್ತಿ ಇಳೀಬೇಕು."

'ದಿನಕ್ಕೆರಡು ಬಾರಿ ನಾಲೆ ಏರಿ ದಾಟುತ್ತಾರೆ, ತೊಂದರೆ ಇಲ್ಲ' ಎಂದು ಬರೆದುಕೊಂಡೆ. ಆಮೇಲೆ ಅವರ ಕೈ ಹಿಡಿದೆ. ಹಿಡಿದ ಕೈ ಬಿಡಲಿಲ್ಲ.

ಕೈ ಹಿಡಿಯುವುದನ್ನು ನನಗೆ ಕಲಿಸಿದವರು ನಾಗಮಂಗಲದಲ್ಲಿ ನನ್ನ ಮೇಲಧಿಕಾರಿಯಾಗಿದ್ದ ಡಾಕ್ಟರ್ ರಂಗಸ್ವಾಮಿ. ರೋಗಿ ಕೂರುವುದೇ ತಡ, ಸ್ಟೆತಾಸ್ಕೋಪ್ ಕಿವಿಗೆ ಸಿಕ್ಕಿಸಿಕೊಳ್ಳುವ ಆತುರ ನನ್ನದು. "ಏನಮ್ಮ, ಬಾಗಿಲು ತಟ್ಟದೆ ಮನೆಯೊಳಕ್ಕೆ ನುಗ್ತೀಯಲ್ಲ! ಮೊದಲು ನಾಡಿ ಹಿಡಿ" ಎಂದು ಹತ್ತು ಜನರೆದುರೇ ಗದರುತ್ತಿದ್ದರು. ಅಲ್ಲಿ ಒಬ್ಬ ಬಸುರಿ ಹುಡುಗಿ ಉಬ್ಬಸದ ಔಷಧಿ ಎಳೆದುಕೊಳ್ಳುತ್ತಾ, ಏನೂ ಗುಣವಾಗದೆ ಬಂದಿದ್ದಳು. ಅವಳನ್ನು ವರಾಂಡದಲ್ಲಿ ಎರಡು ಸುತ್ತು ನಡೆಸಿ, ಎಡಮಗ್ಗುಲಿಗೆ ಮಲಗಿಸಿ, ಸ್ಟೆತಾಸ್ಕೋಪಿನ ಗಂಟೆಯಾಕಾರದ ಸಣ್ಣ ಬದಿಯನ್ನು ಎದೆಯ ಎಡತುದಿಗೆ ಹಗುರವಾಗಿ ಇಟ್ಟು ನನ್ನನ್ನು ಕರೆದರು.

"ದೂರದಲ್ಲಿ ಲಾರಿ ಹೋದ ಹಾಗೆ ಕೇಳಿಸ್ತಾ?"

"ಇಲ್ಲ ಸಾರ್."

"ಕೇಳಿಸೋವರೆಗೂ ಊಟ ಇಲ್ಲ."

ಊಟದ ಹೊತ್ತು ಮೀರಿದ ಮೇಲೆ ಕೇಳಿಸಿತು. ಹುಡುಗಿಗೆ ಚಿಕ್ಕಂದಿನಲ್ಲಿ ಕೀಲು ಬಾತು ಜ್ವರ ಬಂದಿತ್ತಂತೆ. ಆ ಜ್ವರ ಹೃದಯದ ಎಡಭಾಗದ ಒಳಕವಾಟವನ್ನು ಅಂಟಿಸಿ ಹೋಗಿತ್ತು. ಉಬ್ಬಸವೇ ಅಲ್ಲ. ಮೈಸೂರಿನಲ್ಲಿ ಬಲೂನು ಹಾಕಿ ಕವಾಟ ಬಿಡಿಸಿದರು; ಹೆರಿಗೆ ಸುಸೂತ್ರವಾಯಿತು. ಅಂದಿನಿಂದ ಬಸುರಿಯರ ಉಬ್ಬಸವನ್ನು ನಾನು ಸುಮ್ಮನೆ ನಂಬಿದ್ದಿಲ್ಲ, ನಾಡಿ ಹಿಡಿಯದೆ ಎದೆ ಮುಟ್ಟಿದ್ದೂ ಇಲ್ಲ.

ಭಾಗ್ಯಮ್ಮನವರ ನಾಡಿ ಬೆರಳಿಗೆ ಬಡಿಯುತ್ತಿರಲಿಲ್ಲ, ತೆವಳಿಕೊಂಡು ಮೇಲೇರುತ್ತಿತ್ತು. ಸ್ಟೆತಾಸ್ಕೋಪ್ ಇಟ್ಟೆ. ಎದೆಯ ಬಲಮೇಲ್ಭಾಗದಲ್ಲಿ ಗರಗಸ ಎಳೆದಂಥ ಒರಟು ಸದ್ದು. ಪ್ರತಿ ಬಡಿತದಲ್ಲೂ ನಿಧಾನವಾಗಿ ಏರಿ, ಕೊನೆಯಲ್ಲಿ ಜೋರಾಗಿ, ಕತ್ತಿನ ಎರಡೂ ಪಕ್ಕಕ್ಕೆ ಹತ್ತುತ್ತಿತ್ತು. ಆಮೇಲೆ ಬರಬೇಕಾದ ಎರಡನೆಯ ಸದ್ದು, ಅಂದರೆ ಕವಾಟ ಮುಚ್ಚುವ ಸದ್ದು, ಹುಡುಕಿದರೂ ಸಿಗುತ್ತಿರಲಿಲ್ಲ. ಇಸಿಜಿಯಲ್ಲಿ ಹೃದಯದ ಎಡಗೋಡೆ ದಪ್ಪವಾಗಿ ದಣಿದ ಗುರುತಿತ್ತು. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲಿದೆಯಲ್ಲ, ಆ ಕವಾಟ ಇವರಲ್ಲಿ ಕಿರಿದಾಗಿದೆ ಎಂದು ನನಗೆ ಖಚಿತವಾಯಿತು. ಎಷ್ಟು ಕಿರಿದು ಎಂಬುದಷ್ಟೇ ಉಳಿದ ಪ್ರಶ್ನೆ.

ಫಿಟ್‌ನೆಸ್ ಕೊಡದೆ ಎಕೋಗೆ ಬರೆದೆ. ಮಧ್ಯಾಹ್ನವೇ ಪ್ರಭಾಕರ್ ನನ್ನ ಕೋಣೆಗೆ ಬಂದರು. ಕೈ ಚೆನ್ನಾಗಿರುವ ಸರ್ಜನ್, ಸಹನೆ ಸ್ವಲ್ಪ ಕಮ್ಮಿ.

"ಮೇಡಂ, ರಕ್ತ ಕಮ್ಮಿ ಇದ್ದವರ ಎದೆಯಲ್ಲಿ ಮರ್ಮರ್ ಸದ್ದು ಇರಲ್ವಾ? ನಮ್ಮ ಮಂಡ್ಯ ಕಡೆ ಅರ್ಧ ಹೆಂಗಸರಿಗೆ ಇರುತ್ತೆ. ಎಲ್ಲರನ್ನೂ ಎಕೋಗೆ ಕಳಿಸಿದ್ರೆ ನಾನು ಆಪರೇಷನ್ ಮಾಡೋದು ಯಾವಾಗ?"

"ರಕ್ತ ಕಮ್ಮಿಯಾದರೆ ನಾಡಿ ನೆಗೀಬೇಕು ಪ್ರಭಾಕರ್. ಇವರದು ತೆವಳ್ತಾ ಇದೆ. ಅದೂ ರಕ್ತ ಹಾಕಿದ ಮೇಲೆ."

"ಆಯ್ತು, ನಾಳೆ ಎಕೋ ಮಾಡಿಸಿ. ಆದರೆ ಈ ಸೋಮವಾರ ತಪ್ಪಿದ್ರೆ ಮುಂದಿನ ಪಟ್ಟಿ ತುಂಬಿದೆ. ಅಷ್ಟರಲ್ಲಿ ಅವರು ಮತ್ತೆ ಬಿಳುಚಿಕೊಂಡು ಬರ್ತಾರೆ, ನೆನಪಿರಲಿ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆಕೆಗೆ ರಕ್ತ ಹೋಗುತ್ತಿದ್ದದ್ದು ನಿಜ. ಆದರೆ ಈ ಆಪರೇಷನ್ನಿಗೆ ಬೆನ್ನಿಗೆ ಚುಚ್ಚುಮದ್ದು ಕೊಡುತ್ತಾರೆ. ಕೊಟ್ಟಾಗ ಕಾಲಿನ ರಕ್ತನಾಳಗಳು ಸಡಿಲಾಗಿ ರಕ್ತದೊತ್ತಡ ಇಳಿಯುತ್ತದೆ. ಆರೋಗ್ಯವಂತ ಹೃದಯ ಹೆಚ್ಚು ರಕ್ತ ತಳ್ಳಿ ಸರಿದೂಗಿಸುತ್ತದೆ. ಹೊರಬಾಗಿಲೇ ಕಿರಿದಾದ ಹೃದಯಕ್ಕೆ ತಳ್ಳಲು ದಾರಿಯಿಲ್ಲ.

ಒತ್ತಡ ಇಳಿದರೆ ಏನಾಗುತ್ತದೆಂದು ನಾನು ಕೆ.ಆರ್. ಪೇಟೆಯಲ್ಲಿ ಕಣ್ಣಾರೆ ಕಂಡಿದ್ದೆ. ಶೀಳನೆರೆ ಕಡೆಯ ಒಬ್ಬ ಅಜ್ಜನನ್ನು ಟ್ರಾಕ್ಟರಿನಲ್ಲಿ ಮಲಗಿಸಿಕೊಂಡು ಬಂದರು. ನಾಡಿ ಸಿಗುತ್ತಿಲ್ಲ, ಮೈ ತಣ್ಣಗೆ. ಕಾಲೆತ್ತಿ ಹಿಡಿಸಿ, ಸಲೈನ್ ಬಿಟ್ಟು, ಅಜ್ಜ ಕಣ್ಣು ತೆರೆದ ಮೇಲೆ ಕೇಳಿದೆ, "ಏನು ತಗೊಂಡ್ರಿ?"

"ನಮ್ ಬಾವುನ್ ಮಾತ್ರೆ ಕನವ್ವ. ಎದೆ ಇಡ್ಕಂಡಿತ್ತು. ನಾಲ್ಗೆ ಅಡಿ ಮಡಿಕ್ಕೋ ಅಂದ."

ಬಾವ ಪಕ್ಕದಲ್ಲೇ ನಿಂತಿದ್ದರು. "ನಂಗೆ ಬೋ ಚೆನ್ನಾಗಿ ಇಡಿಸ್ತದೆ ಮೇಡಮ್ಮೋರೆ. ಎಲ್ಡು ಮಡಿಕ್ಕಂಡ್ರೂ ಏನಾಗಕಿಲ್ಲ. ಇವ್ನದೇ ಬಡ್ಕಲು ಮೈ."

"ನಿನ್ ಮಾತ್ರೆನೂ ಬ್ಯಾಡ, ನಿನ್ ಸವಾಸನೂ ಬ್ಯಾಡ ಕಣ್ಲಾ" ಎಂದರು ಅಜ್ಜ, ಮಲಗಿದಲ್ಲಿಂದಲೇ.

ಬಾವನದು ಹೃದಯಕ್ಕೆ ಹೋಗುವ ರಕ್ತನಾಳದ ತೊಂದರೆ. ನಾಳ ಸಡಿಲಿಸುವ ಮಾತ್ರೆ ಅವರಿಗೆ ಸರಿ. ಅಜ್ಜನದು ಕವಾಟದ ತೊಂದರೆ. ನೋವು ಒಂದೇ ಥರ, ಕಾರಣ ಬೇರೆ. ಊರಿನಲ್ಲಿ ಬಿತ್ತನೆ ಬೀಜ ಕೊಟ್ಟು ತೆಗೆದುಕೊಳ್ಳುವ ಹಾಗೆ ಮಾತ್ರೆಗಳನ್ನೂ ಕೊಟ್ಟು ತೆಗೆದುಕೊಳ್ಳುತ್ತಾರೆ ಎಂಬುದನ್ನು ನೀವು ಮರೆಯಬಾರದು. ಅಜ್ಜ ಬದುಕಿದರು. ಆದರೆ ಆ ತಣ್ಣಗಿನ ಕೈ ನನ್ನ ಕೈಗೆ ನೆನಪಿತ್ತು. ಭಾಗ್ಯಮ್ಮನವರನ್ನು ಅಂಥ ಸ್ಥಿತಿಯಲ್ಲಿ ಆಪರೇಷನ್ ಮೇಜಿನ ಮೇಲೆ ನೋಡಲು ನಾನು ತಯಾರಿರಲಿಲ್ಲ.

ಶುಕ್ರವಾರ ಸಂಜೆ ಹೊರಗಿನ ಸ್ಕ್ಯಾನಿಂಗ್ ಸೆಂಟರಿನಿಂದ ಎಕೋ ವರದಿ ಬಂತು. ಹೃದಯ ಚೆನ್ನಾಗಿ ಪಂಪು ಮಾಡುತ್ತಿದೆ, ಕವಾಟ ಮಧ್ಯಮ ಪ್ರಮಾಣದಲ್ಲಿ ಕಿರಿದಾಗಿದೆ ಎಂದಿತ್ತು.

"ಮಧ್ಯಮ" ಎಂದರು ಪ್ರಭಾಕರ್. "ಅದರಲ್ಲೂ ಸ್ವಲ್ಪ ಪಾಲು ರಕ್ತ ಕಮ್ಮಿಯಿಂದ. ತೊಂದರೆ ಏನೂ ಇಲ್ಲ ಅಂತ ನೀವೇ ಬರೆದಿದ್ದೀರಿ. ಮಧ್ಯಮ, ತೊಂದರೆ ಇಲ್ಲ. ಪುಸ್ತಕದ ಪ್ರಕಾರ ಎಚ್ಚರಿಕೆಯಿಂದ ಮಾಡಬಹುದು."

ಪುಸ್ತಕದ ಪ್ರಕಾರ ಹೌದು. ಹಾಗಾದರೆ ನಾನು ಎರಡು ವಿಷಯ ನೋಡಬೇಕಿತ್ತು. ಕವಾಟ ನಿಜಕ್ಕೂ ಮಧ್ಯಮವೇ? ತೊಂದರೆ ನಿಜಕ್ಕೂ ಇಲ್ಲವೇ? ಎಕೋದ ಚಿತ್ರಗಳನ್ನು ಕಿಟಕಿಗೆ ಹಿಡಿದು ನೋಡಿದೆ. ಕವಾಟದ ಎಸಳುಗಳು ಸುಣ್ಣಗಟ್ಟಿ ಬೆಳ್ಳಗಿದ್ದವು, ಅಲ್ಲಾಡುವಂಥವಾಗಿ ಕಾಣಲಿಲ್ಲ. ರಕ್ತ ಚಿಮ್ಮುವ ವೇಗವನ್ನು ಎದೆಯ ಒಂದೇ ಜಾಗದಿಂದ ಅಳೆದಿದ್ದರು. ಆ ವೇಗವನ್ನು ಅಳೆಯುವುದು ಹೊಲದ ಪೈಪಿನ ನೀರು ನೋಡಿದ ಹಾಗೆ: ನೇರ ಎದುರಿಗೆ ನಿಂತರೆ ರಭಸ ಗೊತ್ತಾಗುತ್ತದೆ, ಓರೆಯಲ್ಲಿ ನಿಂತರೆ ಕಡಿಮೆ ಅನಿಸುತ್ತದೆ. ಕಡಿಮೆ ತೋರಬಹುದು, ಇರುವುದಕ್ಕಿಂತ ಹೆಚ್ಚು ತೋರಲಾರದು. ಆದ್ದರಿಂದ ಒಂದೇ ಜಾಗದ ಅಳತೆಯನ್ನು ಕೊನೆಯ ಮಾತೆಂದು ಒಪ್ಪಬೇಡಿ.

ಶನಿವಾರ ಬೆಳಿಗ್ಗೆ ಗಂಡಹೆಂಡತಿ ಇಬ್ಬರನ್ನೂ ಕರೆಸಿದ್ದೆ. ನನ್ನ ಕೋಣೆಯ ಕಿಟಕಿಯಿಂದ ಆಸ್ಪತ್ರೆಯ ಗೇಟು ಕಾಣುತ್ತದೆ. ಪುಟ್ಟೇಗೌಡರ ಮೊಪೆಡ್ಡು ಬಂತು. ಹಿಂದೆ ಭಾಗ್ಯಮ್ಮ, ತೊಡೆಯ ಮೇಲೆ ಖಾಲಿ ಹಾಲಿನ ಕ್ಯಾನು. ಡೇರಿಯಿಂದ ನೇರ ಬಂದಿದ್ದರು. ಗುರುವಾರ ಬರೆದುಕೊಂಡ ಮಾತು ನೆನಪಾಗಿ ನನಗೆ ನಗುವೂ ಬಂತು, ಸಿಟ್ಟೂ ಬಂತು.

"ಭಾಗ್ಯಮ್ಮ, ಡೇರಿಗೆ ಹೆಂಗೆ ಹೋಗ್ತೀರಿ?"

"ಗಾಡೀಲಿ."

"ನಡ್ಕೊಂಡು ಹೋಗ್ತೀನಿ ಅಂದ್ರಲ್ಲ?"

"ಓಯ್ತೀನಿ ಅಂದೆ. ನಡ್ಕಂಡು ಅಂತ ಎಲ್ಲಿ ಅಂದೆ? ನೀವು ಕೇಳ್ನಿಲ್ಲ."

ನಿಜ, ನಾನು ಕೇಳಿರಲಿಲ್ಲ. "ಯಾವಾಗಿಂದ ಗಾಡಿ?"

ಪುಟ್ಟೇಗೌಡರು ಬಾಯಿ ಹಾಕಿದರು. "ಓದ ದೀಪಾವಳಿಯಿಂದ ಕನವ್ವ. ಅದ್ಕೂ ಮುಂಚೆ ಕ್ಯಾನು ತಲೆ ಮ್ಯಾಲೆ ಮಡಿಕ್ಕಂಡು ಒಬ್ಳೇ ಓಗೋಳು. ನಾನು ಬುಡ್ತೀನಿ ಬಾ ಅಂದ್ರೆ, ನನ್ ಎಸ್ರಲ್ಲಿ ಆಲು ಆಕೋದು ನಾನೇ ಆಕ್ತೀನಿ ಅನ್ನೋಳು. ಆಮೇಕೆ ಏರಿ ಮ್ಯಾಲೆ ಒಂಗೆ ಮರದ ತಾವು ಕುಂತ್ಕಂಡು ದಾರೀಲ್ ಓಗೋರ್ನೆಲ್ಲ ಮಾತಾಡ್ಸೋಕೆ ಸುರು ಮಾಡುದ್ಲು."

"ಮನುಸ್ರು ಸಿಕ್ರೆ ಮಾತಾಡ್ಬಾರ್ದಾ?" ಎಂದರು ಭಾಗ್ಯಮ್ಮ.

"ದಿನಾ ಅದೇ ಮರದ ತಾವು ಏನೇ ಮಾತು? ಉಲ್ಲಿನ ಒರೆ ಎತ್ತಕೋಗಿ ಗದ್ದೆ ಬದೀಲಿ ಬಿದ್ದೋದ್ಯಲ್ಲ, ಅದ್ನ ಯೋಳು ಡಾಕ್ಟ್ರಮ್ಮಂಗೆ."

"ಬಿಸ್ಲು. ಕಣ್ಣು ಕತ್ಲೆ ಬಂತು. ಎದ್ದು ಒರೆ ತಗಂಡೇ ಬಂದೆ. ನೀವು ಸುಮ್ಕಿರಿ."

"ಎಲ್ಲಿ ತಂದೆ? ಒರೆ ತಂದೋನು ನಾನು!"

ಇದೇ ನೋಡಿ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು. ಕವಾಟ ಕಿರಿದಾಗುವುದು ಒಂದು ದಿನದ ಸಂಗತಿಯಲ್ಲ. ವರ್ಷಗಟ್ಟಲೆ ನಿಧಾನವಾಗಿ ಆಗುತ್ತದೆ. ಅಷ್ಟೇ ನಿಧಾನವಾಗಿ ಅವರೂ ಒಂದೊಂದೇ ಕೆಲಸ ಬೇರೆಯವರಿಗೆ ಬಿಟ್ಟುಕೊಡುತ್ತಾ ಹೋಗುತ್ತಾರೆ. ಹುಲ್ಲಿನ ಹೊರೆ ಗಂಡನಿಗೆ, ಕೊಟ್ಟಿಗೆ ಬಾಚುವುದು ಸೊಸೆಗೆ, ನಾಲೆ ಏರಿ ಮೊಪೆಡ್ಡಿಗೆ. ಬಿಟ್ಟುಕೊಟ್ಟ ಮೇಲೆ ಉಳಿದ ಕೆಲಸದಲ್ಲಿ ತೊಂದರೆಯೇ ಇರುವುದಿಲ್ಲ. 'ಮೇಲುಸಿರು ಬರುತ್ತಾ?' ಎಂದರೆ ಇಲ್ಲ ಎನ್ನುತ್ತಾರೆ, ಅದು ಸುಳ್ಳಲ್ಲ. 'ಹೋದ ವರ್ಷ ಮಾಡ್ತಿದ್ದ ಯಾವ ಕೆಲಸ ಈಗ ಬೇರೆಯವರು ಮಾಡ್ತಾರೆ?' ಎಂದು ಕೇಳಿ. ಕೇಳುವಾಗ ಪಕ್ಕದಲ್ಲಿ ಮನೆಯವರೊಬ್ಬರು ಇರಲಿ.

"ಬನ್ನಿ, ಸ್ವಲ್ಪ ಓಡಾಡೋಣ" ಎಂದು ಭಾಗ್ಯಮ್ಮನವರನ್ನು ವರಾಂಡಕ್ಕೆ ಕರೆದುಕೊಂಡು ಹೋದೆ. ಇಂಥವರನ್ನು ಮೆಟ್ಟಿಲು ಹತ್ತಿಸಬಾರದು, ಓಡಿಸಲೇಬಾರದು. ಸಮನೆಲದಲ್ಲಿ ಮಾತಾಡುತ್ತಾ ಜೊತೆಯಲ್ಲಿ ನಡೆದರೆ ಸಾಕು. ಎಮ್ಮೆಯ ವಿಷಯ ತೆಗೆದೆ. ಉತ್ಸಾಹದಿಂದ ಹೇಳುತ್ತಾ ಬಂದರು. ಔಷಧಿ ಕೌಂಟರು ದಾಟುವ ಹೊತ್ತಿಗೆ ಮಾತು ಚಿಕ್ಕದಾಯಿತು. ಲ್ಯಾಬಿನ ಬಾಗಿಲ ಹತ್ತಿರ ಬಗ್ಗಿ ಚಪ್ಪಲಿ ಸರಿಮಾಡಿಕೊಂಡರು. ಚಪ್ಪಲಿ ಸರಿಯಾಗೇ ಇತ್ತು. ವಾಪಸು ಬರುವಾಗ ಅದೇ ಜಾಗದಲ್ಲಿ ಇನ್ನೊಂದು ಚಪ್ಪಲಿ ಸರಿಮಾಡಿಕೊಂಡರು. ನಾನು ಅಲ್ಲಿಗೇ ನಿಲ್ಲಿಸಿ ಬೆಂಚಿನ ಮೇಲೆ ಕೂರಿಸಿದೆ.

"ಭಾಗ್ಯಮ್ಮ, ಸೋಮವಾರ ಆಪರೇಷನ್ ಬೇಡ. ಮೈಸೂರಲ್ಲಿ ಇನ್ನೊಂದು ಸಲ ಎಕೋ ನೋಡಿಸೋಣ."

ಅವರ ಮುಖ ಕೆಂಪಾಯಿತು. "ಅಂಗಂದ್ರೆ ಎಂಗವ್ವ? ನಮ್ಮಕ್ಕ ಊರಿಂದ ಬಂದವ್ಳೆ ಅಸ ನೋಡ್ಕಳಕೆ. ಇನ್ನೊಂದ್ಸತಿ ಬತ್ತಾಳಾ? ಈ ರಕ್ತ ಓಗಾದು ನಿಂತ್ರೆ ಸಾಕಾಗದೆ ನಂಗೆ. ಒಂದ್ ಮದ್ವೆಗೆ ಓಗಂಗಿಲ್ಲ, ಬಸ್ನಲ್ಲಿ ಕೂರಂಗಿಲ್ಲ. ನೀವೂ ಎಂಗ್ಸೇ ಅಲ್ವಾ? ಎದೆ ಆಮೇಕೆ ನೋಡ್ಕಂಡ್ರಾಯ್ತು."

"ಎದೆ ಆಮೇಲೆ ನೋಡೋಕೆ ನೀವಿರಬೇಕಲ್ಲ."

ಇಷ್ಟು ನೇರವಾಗಿ ಹೇಳಬಾರದಿತ್ತೇನೋ. ಆದರೆ ಮಾತು ತಾಗಿತು. ಪುಟ್ಟೇಗೌಡರು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ನೀವ್ ಯೋಳ್ದಂಗೇ ಆಗ್ಲಿ ಬುಡಿ" ಎಂದರು.

ಪ್ರಭಾಕರ್‌ಗೆ ತಿಳಿಸಿದೆ. "ಸೋಮವಾರ ಬೆಳಿಗ್ಗೆವರೆಗೂ ಹೆಸರು ತೆಗೆಯಲ್ಲ" ಎಂದರು. "ಮಧ್ಯಮ ಅಂತಲೇ ಬಂದರೆ ಅಲ್ಲಿಂದಲೇ ಫೋನ್ ಮಾಡಿ, ಕೊನೆಯ ಕೇಸು ಮಾಡ್ಕೊಳ್ತೀನಿ." ಅದು ಉಪಕಾರವೂ ಹೌದು, ಪಂಥವೂ ಹೌದು.

ಸೋಮವಾರ ರಜೆ ಹಾಕಿ ನಾನೂ ಮೈಸೂರಿಗೆ ಹೋದೆ. ನನ್ನ ಸಹಪಾಠಿ ನಂದಿನಿ ಅಲ್ಲಿ ಹೃದ್ರೋಗ ತಜ್ಞೆ. ನನ್ನ ಕಿವಿ ಹೇಳಿದ್ದು ತಪ್ಪಾದರೆ ಒಬ್ಬ ಹೆಂಗಸಿನ ಸರದಿ ಕಳೆದು, ಇನ್ನಷ್ಟು ರಕ್ತ ಕಳೆಸಿದವಳಾಗುತ್ತಿದ್ದೆ.

ನಂದಿನಿ ಎಡಮಗ್ಗುಲಿಗೆ ಮಲಗಿಸಿ, ಎದೆಯ ತುದಿಯಿಂದ ಅಳೆದಳು. ಒಂದು ಸಲ, ಎರಡು ಸಲ. ಮಧ್ಯಮ.

"ಅವರೇನೂ ತಪ್ಪು ಬರೆದಿಲ್ಲ ಕಣೇ. ಇಲ್ಲಿಂದ ನನಗೂ ಇಷ್ಟೇ ಬರ್ತಿದೆ" ಎಂದಳು.

ಪುಟ್ಟೇಗೌಡರು ನನ್ನ ಮುಖ ನೋಡಿದರು. ಗಡಿಯಾರದಲ್ಲಿ ಇನ್ನೂ ಹತ್ತು ಗಂಟೆಯಾಗಿರಲಿಲ್ಲ. ಶ್ರೀರಂಗಪಟ್ಟಣಕ್ಕೆ ಅರ್ಧ ಗಂಟೆಯ ದಾರಿ. ಫೋನ್ ಮಾಡಿದರೆ ಕೊನೆಯ ಕೇಸು ಆಗಬಹುದು.

"ಬಲಗಡೆಯಿಂದ ನೋಡು" ಎಂದೆ. "ಕತ್ತಿಗೆ ಹತ್ತುತ್ತಿರೋ ಸದ್ದು ಮಧ್ಯಮದ್ದಲ್ಲ."

"ನೋಡ್ತೀನಿ ಇರು, ಇನ್ನೂ ಮುಗಿದಿಲ್ಲ. ಭಾಗ್ಯಮ್ಮ, ಬಲಮಗ್ಗುಲಿಗೆ ಹೊರಳಿ. ಕೈ ಮೇಲಕ್ಕೆ."

ನಂದಿನಿ ಎದೆಗೆ ಒತ್ತಿ ನೋಡುವ ದೊಡ್ಡ ಪ್ರೋಬನ್ನು ಕೆಳಗಿಟ್ಟು ಪೆನ್ಸಿಲ್ಲಿನಂಥ ಸಣ್ಣದನ್ನು ತೆಗೆದುಕೊಂಡಳು. ಅದರಲ್ಲಿ ಚಿತ್ರ ಬರುವುದಿಲ್ಲ. ಸದ್ದು ಮತ್ತು ವೇಗದ ಗೆರೆ ಮಾತ್ರ. ಸದ್ದು ಹಿಡಿದುಕೊಂಡೇ ದಾರಿ ಹುಡುಕಬೇಕು. ಎದೆಯ ಬಲ ಅಂಚಿನಲ್ಲಿ ಪಕ್ಕೆಲುಬಿನ ಸಂದಿಯಲ್ಲಿ ಅದನ್ನು ಇಟ್ಟು ಕೂದಲೆಳೆಯಷ್ಟು ಓರೆ ಮಾಡುತ್ತಾ ಹೋದಳು. ಮೊದಲು ಗಾಳಿಯಂಥ ಸದ್ದು. ಆಮೇಲೆ ತೀಕ್ಷ್ಣವಾಯಿತು, ಕುಕ್ಕರು ಕೂಗುವ ಮುಂಚೆ ಸುಯ್ಯೆನ್ನುವ ಹಾಗೆ. ಪರದೆಯ ಮೇಲೆ ಗೆರೆ ಮೇಲಕ್ಕೆ ಏರಿತು, ಏರಿತು, ಪರದೆಯ ಅಂಚು ದಾಟಿ ಕಾಣದಾಯಿತು. ನಂದಿನಿ ಅಳತೆಯ ಪಟ್ಟಿ ದೊಡ್ಡದು ಮಾಡಿ ಮತ್ತೆ ಹಿಡಿದಳು.

"ಸಿವಿಯರ್" ಎಂದಳು ಮೆಲ್ಲಗೆ. "ಸಿವಿಯರ್ ಅಲ್ಲ, ಅದಕ್ಕೂ ಮೇಲೆ. ಹುಟ್ಟಿನಿಂದ ಮೂರು ಎಸಳಿನ ಬದಲು ಎರಡೇ ಇವೆ. ಅದಕ್ಕೇ ಇಷ್ಟು ಬೇಗ ಸುಣ್ಣಗಟ್ಟಿದೆ. ರಕ್ತ ಓರೆಯಾಗಿ ಬಲಕ್ಕೆ ಚಿಮ್ಮುತ್ತಿದೆ, ಎಡದಿಂದ ಸಿಗಲಿಲ್ಲ. ಇದು ಮನೆತನದಲ್ಲಿ ಬರಬಹುದು; ಒಡಹುಟ್ಟಿದವರು, ಮಕ್ಕಳಿದ್ದರೆ ಅವರನ್ನೂ ಒಂದು ಸಲ ನೋಡಿಸಬೇಕು."

"ಏನಂತೆ?" ಎಂದರು ಪುಟ್ಟೇಗೌಡರು.

"ಗೌಡ್ರೆ, ನಿಮ್ಮ ಗದ್ದೆಗೆ ನೀರು ಬಿಡೋ ತೂಬು ಮುಕ್ಕಾಲು ಕಟ್ಟಿಕೊಂಡರೆ ಏನಾಗುತ್ತೆ?" ಎಂದೆ.

"ಈಚೆಗೆ ನೀರು ಬರಕಿಲ್ಲ. ಇಂದಕ್ಕೆ ಒತ್ಕಂಡು ಏರಿ ಒಡಿತದೆ."

"ಇವರ ಎದೇಲಿ ಹಾಗಾಗಿದೆ. ತೂಬು ಬದಲಾಯಿಸಬೇಕು."

ಅವರು ಹಾಸಿಗೆಯ ಕಂಬಿ ಹಿಡಿದುಕೊಂಡರು. ಭಾಗ್ಯಮ್ಮ ಸೆರಗು ಸರಿಮಾಡಿಕೊಂಡು ಎದ್ದು ಕೂತು, "ಅಂಗಾದ್ರೆ ಇವತ್ತು ಬೆನ್ಗೆ ಸೂಜಿ ಆಕಿದ್ರೆ?" ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಅವರಿಗೆ ಅಷ್ಟೇ ಸಾಕಾಯಿತು.

ಕವಾಟ ಯಾವುದು ಹಾಕುವುದು ಎಂಬ ಪ್ರಶ್ನೆ ಬಂತು. ಲೋಹದ್ದು ಬಹಳ ಕಾಲ ಬಾಳುತ್ತದೆ, ಆದರೆ ರಕ್ತ ತಿಳಿಯಾಗಿಸುವ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು. ಮೊದಲೇ ರಕ್ತ ಹೋಗುತ್ತಿರುವವರಿಗೆ ಅದು ಕಷ್ಟ. ಇನ್ನೊಂದು ಪ್ರಾಣಿಯ ಅಂಗಾಂಶದ್ದು. ಕೆಲವು ವರ್ಷಗಳ ಮೇಲೆ ಸವೆಯಬಹುದು, ಮತ್ತೆ ಬದಲಾಯಿಸಬೇಕಾಗಬಹುದು. ಇವರಿಗೆ ಎರಡನೆಯದೇ ವಾಸಿ ಎಂದು ಮೈಸೂರಿನ ಹೃದಯದ ಸರ್ಜನ್ ಹೇಳಿದರು. ಅದು ಹಸುವಿನ ಹೃದಯದ ಪೊರೆಯಿಂದ ಮಾಡಿದ್ದು. ಪುಟ್ಟೇಗೌಡರು ನನ್ನನ್ನು ಪಕ್ಕಕ್ಕೆ ಕರೆದು, "ಅದೊಂದ ಯೋಳ್ಬ್ಯಾಡಿ ಕನವ್ವ. ಅಸ ಅಂದ್ರೆ ಮಕ್ಳಿಗಿಂತ ಎಚ್ಚು ಇವ್ಳಿಗೆ" ಎಂದರು. ಅವರ ಅಳುಕು ನನಗೆ ಅರ್ಥವಾಯಿತು. ಆದರೂ ಹೇಳಿದೆ. ಒಬ್ಬರ ಎದೆಯೊಳಗೆ ಏನಿಡುತ್ತೇವೆಂದು ಅವರಿಗೇ ತಿಳಿಸದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನನ್ನಿಂದಾಗದು, ನಿಮ್ಮಿಂದಲೂ ಆಗಬಾರದು.

ಭಾಗ್ಯಮ್ಮ ನನ್ನತ್ತ ತಿರುಗಿದರು.

"ಯಾವ ಅಸಿಂದು ಅಂತ ಗೊತ್ತಾಯ್ತದಾ?"

"ಇಲ್ಲ."

"ಪಾಪ" ಎಂದರು. ಆಮೇಲೆ, "ನಾನೂ ಎಷ್ಟು ವರ್ಸ ಉಲ್ಲು ಒತ್ತಿವ್ನಿ ಅವಕ್ಕೆ. ಈಸ್ಕತೀನಿ ಬುಡಿ" ಎಂದರು.

ಪ್ರಭಾಕರ್‌ಗೆ ಫೋನ್ ಮಾಡಿ ತಿಳಿಸಿದೆ. "ಹೆಸರು ತೆಗೆದೆ ಮೇಡಂ" ಎಂದರು. ಮಾರನೆಯ ದಿನ ತಾವೇ ನನ್ನ ಕೋಣೆಗೆ ಬಂದು, ಕವಾಟದ ಆಪರೇಷನ್ ಆಗುವವರೆಗೆ ರಕ್ತ ಹಿಡಿದಿಡಲು ಯಾವ ಮಾತ್ರೆ, ಎಷ್ಟು ದಿನ ಎಂದು ನಂದಿನಿಯ ಜೊತೆ ಫೋನಿನಲ್ಲೇ ಮಾತಾಡಿ ಬರೆದುಕೊಟ್ಟರು. ಅವರ ಆ ಚೀಟಿ ಇಲ್ಲದಿದ್ದರೆ ಭಾಗ್ಯಮ್ಮ ಆಪರೇಷನ್ ಮೇಜಿನವರೆಗೆ ತಲುಪುವುದೇ ಕಷ್ಟವಿತ್ತು. ಆಮೇಲೆ ವಾರ್ಡಿನಲ್ಲಿ ಬಿಳುಚಿಕೊಂಡ ಹೆಂಗಸರ ಕೈಯನ್ನು ಅವರು ಹಿಡಿದುಕೊಂಡು ನಿಂತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. "ನೆಗೀತಾ ಇದೆ ಮೇಡಂ, ಇದು ನನ್ನ ಕೇಸು" ಎನ್ನುತ್ತಿದ್ದರು.

ಸರ್ಕಾರದ ಯೋಜನೆಯಲ್ಲಿ ಕವಾಟ ಬದಲಾಯಿತು. ಎರಡು ದಿನ ಗಾಬರಿಯಾಗಿತ್ತು, ಬಡಿತ ತಾಳ ತಪ್ಪಿತ್ತು, ಸರಿಹೋಯಿತು. ಕ್ರಮೇಣ ಮುಟ್ಟಿನ ರಕ್ತಸ್ರಾವವೂ ಕಡಿಮೆಯಾಯಿತು. ಕಿರಿದಾದ ಕವಾಟದಲ್ಲಿ ರಭಸವಾಗಿ ನುಗ್ಗುವಾಗ ರಕ್ತದ ಹೆಪ್ಪುಗಟ್ಟುವ ಗುಣ ಕೆಡುವುದುಂಟು, ಕವಾಟ ಸರಿಯಾದರೆ ಅದು ಮರಳುವುದುಂಟು. ಭಾಗ್ಯಮ್ಮನವರಲ್ಲಿ ಅದರ ಪಾಲೆಷ್ಟು, ವಯಸ್ಸಿನ ಪಾಲೆಷ್ಟು, ನನಗೆ ಗೊತ್ತಿಲ್ಲ. ಗರ್ಭಕೋಶದ ಆಪರೇಷನ್ ಮಾತ್ರ ಬೇಕಾಗಲಿಲ್ಲ.

ನಾನು ಕೆಲಸ ಶುರುಮಾಡಿದಾಗ ಎಕೋ ಎಂದರೆ ರೋಗಿಯನ್ನು ಮೈಸೂರಿಗೆ ಕಳಿಸಿ ವಾರಗಟ್ಟಲೆ ಕಾಯುವ ಸಂಗತಿ. ಈಗ ಫೋನಿಗೆ ಸಿಕ್ಕಿಸುವ ಪ್ರೋಬು ನಿಮ್ಮ ಜೇಬಿನಲ್ಲೇ ಇರುತ್ತದೆ. ಬಹಳ ಒಳ್ಳೆಯದು, ಬಳಸಿ. ಆದರೆ ಕಿವಿ, ಬೆರಳು, ಯಂತ್ರ ಮೂರೂ ಒಂದೇ ಮಾತು ಹೇಳದಿದ್ದರೆ ಯಂತ್ರ ಹೇಳಿದ್ದನ್ನು ಬರೆದು ಮುಂದಿನ ರೋಗಿಯನ್ನು ಕರೆಯಬೇಡಿ. ಜಗಳ ಬಗೆಹರಿಯುವವರೆಗೆ ರೋಗಿಯನ್ನು ಕೂರಿಸಿಕೊಳ್ಳಿ.

ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ ಭಾಗ್ಯಮ್ಮ ಗಂಡನ ಜೊತೆ ತಪಾಸಣೆಗೆ ಬಂದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬೇಕೆಂದೇ ಹೆಚ್ಚು ಹೊತ್ತು ಕೇಳಿಸಿಕೊಂಡೆ.

"ಏನವ್ವ, ಇಷ್ಟೊತ್ತು ಕೇಳ್ತಿದ್ದೀರಿ? ಒಳಗೇನಾರ ಮರ್ತ್ ಬುಟ್ಟವ್ರಾ?"

"ಏನೂ ಇಲ್ಲ. ಚೆನ್ನಾಗಿ ಕೇಳಿಸ್ತಾ ಇದೆ, ಅದಕ್ಕೆ."

"ಅಂಗಾದ್ರೆ ಬುಡಿ. ಅರಕೆರೆ ಬಸ್ಸು ತಪ್ಪೋಯ್ತದೆ. ಇವರ ಗಾಡಿ ರಿಪೇರಿಗೆ ಬುಟ್ಟವ್ರೆ."

ಮಧ್ಯಾಹ್ನದ ಊಟಕ್ಕೆಂದು ನಾನೂ ಅವರ ಹಿಂದೆಯೇ ಹೊರಗೆ ಬಂದೆ. ಗೇಟಿನಾಚೆ ಬಸ್ಸು ಆಗಲೇ ಹೊರಟಿತ್ತು. ಭಾಗ್ಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದರು. ಪುಟ್ಟೇಗೌಡರು ಹಿಂದಿನಿಂದ, "ನಿಧಾನ ಕನೇ! ಲೇ, ನಿಂತ್ಕೊಳೇ!" ಎಂದು ಕೂಗುತ್ತಾ ಓಡಿದರು. ಭಾಗ್ಯಮ್ಮ ಕಂಬಿ ಹಿಡಿದು ಹತ್ತಿ, ಕಂಡಕ್ಟರನ ಹೆಗಲು ತಟ್ಟಿ ಬಸ್ಸು ನಿಲ್ಲಿಸಿದರು. ಪುಟ್ಟೇಗೌಡರು ಬಾಗಿಲಿನ ಹತ್ತಿರ ಬಂದು ಮಂಡಿಗೆ ಕೈಯೂರಿ ಏದುಸಿರು ಬಿಡುತ್ತಾ ನಿಂತರು.

"ಬೇಗ ಅತ್ರಿ" ಎಂದರು ಭಾಗ್ಯಮ್ಮ ಮೇಲಿನಿಂದ. "ನಾಳೆ ನಿಮ್ಮುನ್ನೂ ಆ ಡಾಕ್ಟ್ರಮ್ಮುನ್ ತಾವು ತೋರುಸ್ಬೇಕು."